ಇನ್ಶಿರಾಹ್ ಕೂತಳು

ಕದಲದೆ ಕೂರುವುದರಲ್ಲಿ ಇನ್ಶಿರಾಹ್‌ಳನ್ನು ಮೀರಿಸುವವರು ಇಡೀ ಕೈರೋದಲ್ಲೇ ಇರಲಿಲ್ಲ. ಚಿತ್ರಕಲಾ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ವಿದ್ಯಾರ್ಥಿಗಳೆದುರು ಮಾದರಿಯಾಗಿ ಕೂತವಳು. ಮೂಗಿನ ಮೇಲೆ ನೊಣ ಕೂತರೂ ಮಿಸುಕಿದವಳಲ್ಲ. ಅವಳ ಮುಖ ಗೋಡೆಗೆ ಬೇಕಿತ್ತು, ಅವಳು ಯಾರಿಗೂ ಬೇಕಿರಲಿಲ್ಲ. ವರ್ಷಾಂತ್ಯದ ಪ್ರದರ್ಶನಕ್ಕೆ ಒಂದು ಸಲವೂ ಅವಳನ್ನು ಕರೆದಿರಲಿಲ್ಲ. ಈ ವರ್ಷ ಕರೆಯದೆಯೇ ಬಂದಳು.

ಕಾಲೇಜಿನ ಗ್ಯಾಲರಿಯಲ್ಲಿ ಒಂಬತ್ತು ಕಡೆ ಅವಳೇ ಇದ್ದಳು. ಖುಷಿಯಿಂದ ಹತ್ತಿರ ಹೋಗಿ ಚಿತ್ರಗಳ ಕೆಳಗಿನ ಚೀಟಿಗಳನ್ನು ಓದಿದಳು. ‘ಹಳ್ಳಿ ಹೆಂಗಸು.’ ‘ನಿರೀಕ್ಷೆ.’ ನಡುಗೋಡೆಯಲ್ಲಿ ಆಳೆತ್ತರದ ತೈಲಚಿತ್ರ, ದಾಲಿಯಾ ಎಂಬ ಹುಡುಗಿ ಆರು ವಾರ ಕೂರಿಸಿಕೊಂಡು ಬರೆದದ್ದು. ಅದರ ಕೆಳಗೆ ‘ಬಡತನ.’

ಇನ್ಶಿರಾಹ್‌ಗೆ ಮೈಯೆಲ್ಲ ಉರಿಯಿತು. ಮಗಳ ಮದುವೆಗೆಂದು ಹೊಲಿಸಿದ್ದ ನೀಲಿ ನಿಲುವಂಗಿ ತೊಟ್ಟು ಕೂತಿದ್ದಳಲ್ಲ!

“ಯಾರೇ ಬಡತನ?”

“ಅದು ಹೆಸ್ರಲ್ಲ ಖಾಲಾ, ಚಿತ್ರದ ಭಾವ...” ಪಕ್ಕದಲ್ಲೇ ನಿಂತಿದ್ದ ದಾಲಿಯಾ ತೊದಲಿದಳು. ಅವಳಿಗೆ ಇನ್ಶಿರಾಹ್ ಬರೀ ‘ಖಾಲಾ’, ಚಿಕ್ಕಮ್ಮ.

“ಭಾವ ನೀನೇ ಇಟ್ಕೋ. ನಂಗೆ ಹೆಸ್ರಿದೆ, ಅದನ್ ಬರಿ. ಹಳ್ಳಿ ಹೆಂಗ್ಸಂತೆ! ಹುಟ್ಟಿದ್ದು ಇದೇ ಕೈರೋದ ಬೂಲಾಕ್ ಗಲ್ಲೀಲಿ. ಬಕ್ರೀದ್ ಬಿಟ್ರೆ ಕುರಿ ಮುಖಾನೂ ನೋಡಿದವ್ಳಲ್ಲ ನಾನು!”

ಪ್ರೊಫೆಸರ್ ರಾಫತ್ ಓಡಿ ಬಂದರು. “ಅಮ್ಮಾ, ಪ್ರಾಂಶುಪಾಲರು ಬರ್ತಿದಾರೆ, ಹೊರಗಿರಿ. ಇದೆಲ್ಲ ನಿಮಗೆ ಅರ್ಥ ಆಗಲ್ಲ.”

“ಕೂರೋದು ಅರ್ಥ ಆಗುತ್ತೆ.”

ಕಾವಲುಗಾರನ ಕುರ್ಚಿ ಎಳೆದುಕೊಂಡು ಚಿತ್ರದ ಕೆಳಗೆ ಕೂತೇಬಿಟ್ಟಳು. ಚಿತ್ರದಲ್ಲಿದ್ದ ಹಾಗೆಯೇ ಗಲ್ಲ ಮೇಲೆತ್ತಿ, ಬಲಗೈ ಮಂಡಿಯ ಮೇಲಿಟ್ಟು.

ಪ್ರಾಂಶುಪಾಲರು ಬಂದರು, ಅತಿಥಿಗಳು ಬಂದರು. ಚಿತ್ರ ನೋಡಿದರು, ಚೀಟಿ ನೋಡಿದರು, ಅವಳನ್ನು ನೋಡಿ ಕಣ್ಣು ತಪ್ಪಿಸಿದರು. ರಾಫತ್ ಗದರಿಸಿದರು, ಆಮೇಲೆ ಚಹಾ ತರಿಸಿದರು. ಚಹಾ ಆರಿತು. “ನನ್ ಮಾರ್ಕ್ಸ್ ಹೋಗುತ್ತೆ ಖಾಲಾ” ಎಂದು ದಾಲಿಯಾ ಅತ್ತಳು. ಇನ್ಶಿರಾಹ್ ತನ್ನ ಬುತ್ತಿಯ ಅರ್ಧ ರೊಟ್ಟಿ ಕೊಟ್ಟು ಸಾಕಿದ ಹುಡುಗಿ. ಆದರೂ ಕತ್ತು ತಿರುಗಲಿಲ್ಲ.

ಕೊನೆಗೆ ದಾಲಿಯಾ ಚೀಟಿ ಕಿತ್ತಳು. ಹೊಸ ಚೀಟಿಯ ಮೇಲೆ ಪೆನ್ನಿಟ್ಟವಳು ಹಾಗೇ ನಿಂತಳು. ಆರು ವಾರ ಮುಖದ ಒಂದೊಂದು ಗೆರೆ ಅಳೆದವಳು.

“ಖಾಲಾ, ನಿಮ್ ಪೂರ್ತಿ ಹೆಸ್ರೇನು?” ತಲೆ ತಗ್ಗಿಸಿ ಕೇಳಿದಳು.

“ಇನ್ಶಿರಾಹ್ ಅಬ್ದುಲ್ ಬಾರಿ. ಬೂಲಾಕ್. ದೊಡ್ಡಕ್ಷರದಲ್ಲಿ ಬರಿ.”

ಚೀಟಿ ಅಂಟಿತು. ಇನ್ಶಿರಾಹ್ ಎದ್ದಳು. ರಾಫತ್ ಬೆವರು ಒರೆಸಿಕೊಂಡರು.

ಅವಳು ಕುರ್ಚಿ ಎತ್ತಿಕೊಂಡು ಹೋಗಿ ‘ಹಳ್ಳಿ ಹೆಂಗಸು’ ಚಿತ್ರದ ಕೆಳಗಿಟ್ಟು ಕೂತಳು.

“ಪೆನ್ ಮುಚ್ಬೇಡ ಕಣೇ. ಇನ್ನೂ ಎಂಟಿವೆ.”