ಇಂಜಿನ್ ನೆತ್ತಿ ಮ್ಯಾಲಿನ ವಿಭೂತಿ

ಬಂದ್ ಬಿದ್ದ ಮಿಷನ್ ಕಂಡ್ರ ನನಗ ಮೈ ಉರೀತೈತಿ. ಹಂಸಭಾವಿ ಕಡೆ ನನ್ನ ಗಂಡನ ಮನ್ಯಾಗ ಬೆಳಿಗೆ ಎಣ್ಣಿ ಹೊಡಿಯೋ ಪಂಪು, ಕಳೆ ತೆಗಿಯೋ ಮಿಷನ್ನು ಎರಡೂ ಪೆಟ್ರೋಲಿನವು, ಎರಡಕ್ಕೂ ನಾನ ಡಾಕ್ಟರು. ಹಗ್ಗ ಜಗ್ಗಿ ಜಗ್ಗಿ ಗಂಡನ ರಟ್ಟಿ ಸೋತ ಮ್ಯಾಲ ಪ್ಲಗ್ ಬಿಚ್ಚಿ ಒರಿಸಿ ಹಾಕಾಕಿ ನಾ. ಇಂಥಾಕಿ ಇದ್ರೂ ತವರಮನಿ ಇಂಜಿನ್ನಿಗೆ ನನ್ನ ಕೈ ಸಿಗಲಿಲ್ಲ ನೋಡ್ರಿ. ಅದ ಸಂಕಟ.

ತವರಮನಿ ಯಲವಿಗಿ ಹತ್ರ. ಅಪ್ಪಂದು ವೀಳ್ಯದೆಲಿ ತೋಟ. ಚೊಗಚಿ ಗಿಡಕ್ಕ ಹಬ್ಬಿಸಿದ ಬಳ್ಳಿನ್ನ ದಿನಾ ಮುಂಜಾನೆ ಮಾತಾಡಿಸಿಕೋಂತ ತಿರಗತಿದ್ದ. ನಮ್ಮನ್ನ ಅಷ್ಟು ಮಾತಾಡಿಸಿದ್ದು ನನಗಂತೂ ನೆನಪಿಲ್ಲ. ಎಲಿ ಬಳ್ಳಿ ಭಾಳ ನಾಜೂಕು, ನೀರು ತಪ್ಪಿದ್ರ ಮುಗೀತು. ಕರೆಂಟ್ ಕೈಕೊಟ್ರ ಇರಲಿ ಅಂತ ಒಂದು ಸಣ್ಣ ಪೆಟ್ರೋಲ್ ಪಂಪ್‌ಸೆಟ್ ಇಟ್ಟಿದ್ದ.

ಮಹಾನವಮಿಗೆ ನಮ್ಮಲ್ಲಿ ಕುಡಗೋಲು, ಕುಂಟಿ, ಇಂಜಿನ್ನು ಎಲ್ಲಾ ತೊಳದು ಪೂಜಿ ಮಾಡ್ತಾರ. ಇಂಜಿನ್ನಿಗೆ ವಿಭೂತಿ ನೆತ್ತಿ ಮ್ಯಾಲ ಹಚ್ಚಬೇಕು. ನೆತ್ತಿ ಅಂದ್ರ ಪೆಟ್ರೋಲ್ ಟಾಕಿ ಮುಚ್ಚಳ. ಆ ಸಲ ಅಪ್ಪ ವಿಭೂತಿ ನೀರಾಗ ಕಲಿಸಿ ದಪ್ಪಗ ಬಳದಿದ್ದ. ಪೂಜಿ ಮಾಡಿದ್ದನ್ನ ಯಾರೂ ಕೈಲೆ ಒರಿಸೂದಿಲ್ಲ, ತಾನಾಗಿ ಉದರಬೇಕು.

ಬ್ಯಾಸಗಿಯೊಳಗ ಹೊಲದ ಕಡೆ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟ್ ಹೋತು. ಅಪ್ಪ ಇಂಜಿನ್ ಹೊರಗ ತಗದ. ಅದು ಜಗ್ಗಿದ ಕೂಡ್ಲೆ ಚಾಲೂ ಆಗತಿತ್ತಂತ, ಒಂದು ಸಾಲಿಗೆ ನೀರು ಹಾಯೂದ್ರಾಗ ಕೆಮ್ಮಿ ಕೆಮ್ಮಿ ನಿಂದ್ರತಿತ್ತಂತ. ಪೆಟ್ರೋಲ್ ಐತೋ ಇಲ್ಲೋ ಅಂತ ಮುಚ್ಚಳ ತಗದು ನೋಡಿ ಹಾಕಿದ್ರ ಮತ್ತ ಚಾಲೂ, ಮತ್ತ ಬಂದ್. ಕಾದೈತಿ ಅಂತ ಹಸೀ ಗೋಣಿಚೀಲ ಹೊಚ್ಚಿದ. ಸವಣೂರಿಗೆ ಒಯ್ದ. ರಿಪೇರಿಯವ ಪ್ಲಗ್ ಬದಲಿಸಿ, ಸ್ವಲ್ಪ ಹೊತ್ತು ನಡಿಸಿ, ಛಲೋ ಐತಿ ಅಂದು ಕಳಿಸಿದ. ಅವನೂ ದೇವರ ವಿಭೂತಿ ಮುಟ್ಟಲಿಲ್ಲ. ಹೊಲಕ್ಕ ತಂದ ಮ್ಯಾಲ ಮತ್ತ ಅದ ಹಾಡು. ಫೋನಿನ್ಯಾಗ ಅಪ್ಪ ನನಗ ಇದರ ಸುದ್ದಿನ ಎತ್ತಲಿಲ್ಲ. ಮಗಳಿಗೆ ಯಾಕ ತ್ರಾಸು ಅಂತ. ಒಂದ ಮಾತು ಅಂದಿದ್ರ ಓಡಿ ಬರ್ತಿದ್ದೆ.

ಪಂಚಮಿಗೆ ತವರಿಗೆ ಬಂದಾಗ ತೋಟ ಇರಲಿಲ್ಲ. ಒಣಗಿದ ಬಳ್ಳಿ ಕಿತ್ತು, ಗಿಡ ಕಡಿಸಿ, ಗೋವಿನಜೋಳ ಹಾಕಿದ್ದ. ಇದೆಲ್ಲಾ ನನಗ ಹೇಳಿದಾಕಿ ಅವ್ವ, ಉಂಡಿ ಕಟ್ಟಿಕೋಂತ. ಅಪ್ಪ ಮಾತ್ರ ಮೂಲ್ಯಾಗಿದ್ದ ಇಂಜಿನ್ ತೋರಿಸಿ, ನಿಮ್ಮನಿಗೆ ಒಯ್ಯಿ, ಇಲ್ಲಿ ಏನ್ ಕೆಲಸ ಐತಿ ಅಂದ.

ಒಯ್ಯೂಕಿಂತ ಮೊದ್ಲ ನೋಡೋಣ ಅಂತ ಅಂಗಳದಾಗಿಟ್ಟು ಪೆಟ್ರೋಲ್ ಹಾಕಿ ಜಗ್ಗಿದೆ. ಚಾಲೂ ಆತು. ಅವ್ವ ಚಾ ಕುದಿಸೂದ್ರಾಗ ಕೆಮ್ಮಿ ನಿಂತು ಬಿಡ್ತು. ಮುಚ್ಚಳ ತಿರುವಿದೆ, ಒಳಗ ಸುಸ್ಸಂತ ಗಾಳಿ ಎಳಕೊಂತು. ಮುಚ್ಚಳದಾಗ ಗಾಳಿ ಹೋಗಾಕ ಒಂದು ಸೂಜಿಮೊನಿಯಷ್ಟು ತೂತು ಇರತೈತಿ. ಅದು ಮುಚ್ಚಿದ್ರ ಪೆಟ್ರೋಲ್ ಕೆಳಗ ಇಳಿಯೂದಿಲ್ಲ. ಆ ತೂತಿನ ಮ್ಯಾಲ ವಿಭೂತಿ ಗಾರಿ ಗತೆ ಗಟ್ಟಿಯಾಗಿ ಕುಂತಿತ್ತು. ಸೆರಗಿನ ಪಿನ್ನು ತಗದು ಚುಚ್ಚಿ, ಮುಚ್ಚಳ ಹಾಕಿ ಮತ್ತ ಜಗ್ಗಿದೆ. ಆಮ್ಯಾಲ ಇಂಜಿನ್ ನಿಂದ್ರಲೇ ಇಲ್ಲ.

ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು ಅಂತಾರಲ್ಲ, ಹಂಗಾತು. ಯಾರ ಮ್ಯಾಲ ಸಿಟ್ಟ ಮಾಡ್ಲಿ? ದೇವರ ಮ್ಯಾಲ? ಅಪ್ಪನ ಭಕ್ತಿ ಮ್ಯಾಲ?

ಸಪ್ಪಳ ಕೇಳಿ ಅಪ್ಪ ಹೊರಗ ಬಂದ. ಇಂಜಿನ್ ನಿಂದ್ರತೈತೇನು ಅಂತ ಕಾದ. ಏನಾಗಿತ್ತು ಅಂದ. ಹೇಳಬ್ಯಾಡ ಅಂತ ಅವ್ವ ಬಾಗಲದಾಗಿಂದ ಕಣ್ಣು ಮಾಡಿದಳು. ಆದ್ರ ಅಪ್ಪ ಅಷ್ಟೊತ್ತಿಗೆ ನನ್ನ ಕೈಯಾಗಿನ ಪಿನ್ನು, ಟಾಕಿ ಮ್ಯಾಲಿನ ಮುಚ್ಚಳ ಎರಡೂ ನೋಡಿದ್ದ. ಹೇಳೂಮಟ ಕಾಯೂ ಮಂದಿ ಅಲ್ಲ ಅವ, ನೋಡಿ ತಿಳಕೊಳ್ಳೂ ಮಂದಿ. ಬೆರಳಿಂದ ತೂತು ಮುಟ್ಟಿ ನೋಡಿ ಕಟ್ಟಿ ಮ್ಯಾಲ ಕುಂತ.

"ಇಷ್ಟ ದಿನ ತೋಟ ಉಳಸೂದು ನನ್ನ ಕೈಯಾಗ ಇರಲಿಲ್ಲ ಅಂತ ನಿದ್ದಿ ಮಾಡ್ತಿದ್ನೆವ್ವಾ," ಅಂದ. "ಇನ್ನ ಹೆಂಗ ಮಾಡ್ಲಿ?"