ಲಕೋಟೆಯಲ್ಲಿ ಹೆಚ್ಚಾದ ಕಾಗದ

ಕಮಲಾಪುರದ ಕೆರೆ ಅಳೆದು ನಕಾಶೆ ಬರೆದುಕೊಡುವವರು ಬೇಕೆಂದು ನಿಜಾಮ ಸರಕಾರದ ಕಚೇರಿಯೊಂದು ಕಲಬುರಗಿಯಲ್ಲಿ ಜಾಹೀರು ಹಚ್ಚಿತ್ತು. ನಾನೂ ನನ್ನ ಗೆಳೆಯನೂ ಶಹಾಬಜಾರದ ಒಂದು ಕೋಣೆಯಲ್ಲಿ ನಕಾಶೆ ಬರೆಯುವ ಅಂಗಡಿ ಇಟ್ಟು ಆಗ ಎರಡು ವರ್ಷ. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಮನೆ ಪಾಲು, ಇಷ್ಟೇ ನಮ್ಮ ಪಾಲಿಗೆ ಬರುತ್ತಿದ್ದ ಕೆಲಸ. ಈ ಕೆರೆ ಸಿಗದಿದ್ದರೆ ಗೆಳೆಯ ಸೊಲ್ಲಾಪುರದ ಗಿರಣಿ ಸೇರುವವನಿದ್ದ. ಅವನಿಲ್ಲದೆ ಅಂಗಡಿ ನಡೆಸುವುದು ನನ್ನಿಂದಾಗದು.

ಆ ಕಚೇರಿಗೆ ಬಂದಿದ್ದ ಹೊಸ ಸಾಹೇಬರ ಪದ್ಧತಿಯೇ ಬೇರೆ. ಎರಡು ಲಕೋಟೆ ಕೊಡಬೇಕು. ಒಂದರಲ್ಲಿ ಹಿಂದೆ ಏನೇನು ಅಳೆದಿದ್ದೇವೆ, ಈ ಕೆಲಸ ಹೇಗೆ ಮಾಡುತ್ತೇವೆ ಎಂಬ ಬರಹ, ಜೊತೆಗೊಂದು ಕಚ್ಚಾ ನಕಾಶೆ. ಇನ್ನೊಂದರಲ್ಲಿ ನಮ್ಮ ದರ. ಮೊದಲನೆಯದು ಮನಸ್ಸಿಗೆ ಬಂದರೆ ಮಾತ್ರ ಎರಡನೆಯದನ್ನು ಒಡೆಯುವುದು. ಉರ್ದು ಜಾಹೀರಿನ ಕೊನೆಯ ಸಾಲು ಓದಿ ನಾನು ನಕ್ಕುಬಿಟ್ಟೆ: ಸಿಫಾರಸು ಪತ್ರ ಇಟ್ಟವರ ಅರ್ಜಿ ರದ್ದು. ನಮಗೆ ಸಿಫಾರಸು ಕೊಡುವ ಪುಣ್ಯಾತ್ಮರಾದರೂ ಯಾರಿದ್ದರು?

ಮೂರು ದಿನ ಕಮಲಾಪುರದಲ್ಲಿ ಬಿಸಿಲು ಕುಡಿದು ಅಳೆದೆವು. ನಾವು ಮರಳಿದ ಮೇಲೆ ನನ್ನ ಅಪ್ಪ ಅದೇ ಊರಿಗೆ ಹೋಗಿ, ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಬಂದರು. ಬೀಗರನ್ನು ನೋಡಿ ಬಂದೆ ಅಂದರು. ಲಕೋಟೆಗೆ ಅರಗು ಹಾಕುವ ಕೆಲಸವನ್ನೂ ಅವರೇ ಕೇಳಿ ಮಾಡಿದರು. ಅಪ್ಪನ ಕೈ ಅಷ್ಟು ಅಚ್ಚುಕಟ್ಟು.

ಕಚೇರಿಯಲ್ಲಿ ಅರ್ಜಿ ಹಾಕಿದವರೆಲ್ಲರ ಎದುರೇ ಸಾಹೇಬರ ಗುಮಾಸ್ತರಾದ ಪೇಷ್ಕಾರರು ಲಕೋಟೆ ಒಡೆದರು. ನಮ್ಮ ನಕಾಶೆಯನ್ನು ಸಾಹೇಬರು ಬಹಳ ಹೊತ್ತು ನೋಡಿ ಉರ್ದುವಿನಲ್ಲಿ ಏನೋ ಅಂದರು. ಪೇಷ್ಕಾರರು ನಮ್ಮತ್ತ ತಿರುಗಿ, "ಒಡ್ಡು ಎಲ್ಲಿ ಕುಸದದ ಅಂಬೋದು ನಿಮಗೊಬ್ಬರಿಗೇ ಕಂಡದ ಅಂತಾರ್ರಿ ಸಾಹೇಬ್ರು," ಅಂದರು. ಗೆಳೆಯ ನನ್ನ ಕೈ ಹಿಸುಕಿದ.

ಅಷ್ಟರಲ್ಲಿ ಲಕೋಟೆಯೊಳಗಿಂದ ಮಡಚಿದ ದಪ್ಪ ಕಾಗದವೊಂದು ಜಾರಿ ಮೇಜಿನ ಮೇಲೆ ಬಿತ್ತು. ಕೆಳಗೆ ಕಮಲಾಪುರದ ಕಡೆಯ ಜಹಾಗೀರದಾರರೊಬ್ಬರ ಮೊಹರು. ಸಿಫಾರಸು ಪತ್ರ! ಸಾಹೇಬರು ಸಿಟ್ಟಾಗಲಿಲ್ಲ. ನಮ್ಮ ಅರ್ಜಿಯ ಮೇಲೆ ಕೆಂಪು ಗೆರೆ ಎಳೆದು, ಒಡೆಯದ ಎರಡನೆಯ ಲಕೋಟೆಯನ್ನು ನನ್ನ ಕೈಗೆ ಕೊಟ್ಟರು. ಗೆಳೆಯ ನನ್ನನ್ನೊಮ್ಮೆ ನೋಡಿ ಹೊರಗೆ ನಡೆದ.

ಮನೆಗೆ ಹೋದವನೇ ಕೇಳಿದೆ, "ಅಪ್ಪಾ, ಆ ಚಿಟ್ಟಿ ನೀವ ಇಟ್ಟೀರೇನು?"

"ಹೂಂ. ಜಹಾಗೀರದಾರರ ವಾಡೇದ ಮುಂದ ದಿನಾಪೂರ್ತಿ ಕುಂತು ತಂದೀನಿ. ಕೆಲಸ ಸಿಕ್ತಿಲ್ಲೋ?"

"ನಮ್ಮನ್ನ ಹಾಳ ಮಾಡಿದ್ರಿ. ಚಿಟ್ಟಿ ಇಟ್ರ ಅರ್ಜಿ ರದ್ದಂತ ಜಾಹೀರಿನ್ಯಾಗ ಬರದದ."

ಅಪ್ಪ ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದರು. "ಅಲ್ಲೋ, ನಕಾಶೆ ನಕಲು ಮಾಡೋ ನೌಕರಿಗಿ ನಾ ಮೂರು ಸಲ ಹೋಗಿದ್ದೆ, ಇಂಥದೇ ಸರಕಾರಿ ಕಚೇರಿಗಿ. ಮೂರೂ ಸಲ, ಕೈ ಚಲೋ ಅದ, ಚಿಟ್ಟಿ ಎಲ್ಲದ ಅಂತ ಕೇಳಿ ಹೊರಗ ಕಳಿಸ್ಯಾರ. ನೀನೂ ಹಂಗ ತಿರುಗಿ ಬರಬಾರದಂತ ಇಟ್ಟೆ."

ನನಗೆ ಆ ಸಂಗತಿ ಗೊತ್ತೇ ಇರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ.

"ನಿನ್ನ ಕೆಲಸ ನೋಡಿದ್ರೇನು?" ಅಪ್ಪ ಮೆಲ್ಲಗೆ ಕೇಳಿದರು.

"ನೋಡಿದ್ರು. ಮೆಚ್ಚಿದ್ರು. ಆಮ್ಯಾಲ ನಿಮ್ಮ ಚಿಟ್ಟಿ ಬಿತ್ತು."

ಆ ಮಾತು ಆಡಬಾರದಿತ್ತು. ಅಪ್ಪ ಗೋಡೆ ಹಿಡಿದು ಕುಳಿತರು. "ನನಗ ಉರ್ದು ಬರಂಗಿಲ್ಲ. ಆ ಜಾಹೀರು ನೀ ಒಂದ ಸಲ ಓದಿ ಹೇಳಬೇಕಿತ್ತಲ್ಲೋ," ಅಂದರು.

ನಾನು ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದಿರಲೂ ಇಲ್ಲ.