ದೊಡ್ಡವ್ವನ ಅಂಗಳದ ಲಾರಿ

ದೊಡ್ಡವ್ವನ ತೋರುಬೆರಳಿಗೆ ಉಗುರು ಇರಲಿಲ್ಲ. ಎಂದೋ ಲಾರಿಯ ಹಿಂಬಾಗಿಲು ಅದರ ಮೇಲೆ ಬಿದ್ದು ಉಗುರು ಕಿತ್ತುಹೋಗಿತ್ತಂತೆ. ಅದು ಇದ್ದ ಜಾಗದಲ್ಲಿ ಹುಣಸೆಬೀಜದಂತೆ ನುಣುಪಾಗಿ ಹೊಳೆಯುವ ಚರ್ಮ ಬೆಳೆದಿತ್ತು. ಯಾರಿಗೆ ಏನು ಹೇಳುವಾಗಲೂ ಆ ಬೆರಳನ್ನೇ ಮುಂದೆ ಮಾಡುತ್ತಿದ್ದಳು. ಅದು ಬಲಗೈಯ ಬೆರಳೋ ಎಡಗೈಯದೋ, ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಅದು ಬಲಗೈ. ಅವಳ ಮಗನನ್ನು ಕೇಳಿದರೆ ಎಡಗೈ ಎನ್ನುತ್ತಾನೆ. ಮಗನ ಮಾತನ್ನು ನಂಬುವುದೇ ನ್ಯಾಯ. ಆದರೂ ಬರೆಯಲು ಕೂತಾಗ ಕಣ್ಣ ಮುಂದೆ ಬರುವುದು ಬಲಗೈಯೇ.

ಅವಳು ನನಗೆ ರಕ್ತಸಂಬಂಧಿಯಲ್ಲ. ಸೂಡಿ ನನ್ನ ತಾಯಿಯ ತವರು. ಅಲ್ಲಿ ನಮ್ಮ ಅಜ್ಜನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ನನ್ನ ತಾಯಿ ಅವಳನ್ನು ಅಕ್ಕಾ ಎನ್ನುತ್ತಿದ್ದಳು, ಹಾಗಾಗಿ ನನಗೆ ದೊಡ್ಡವ್ವ. ಅವಳ ಗಂಡನಿಗೆ ಒಂದು ಲಾರಿ ಇತ್ತು. ಮುಂದೆ ಎತ್ತಿನ ಮೂತಿಯಂತೆ ಉದ್ದ ಬಾನೆಟ್ ಚಾಚಿಕೊಂಡಿದ್ದ ಹಳೆಯ ಕಾಲದ ಭಾರಿ ಲಾರಿ. ಸುತ್ತಲಿನ ಊರುಗಳ ಹತ್ತಿಯನ್ನು ನರಗುಂದಕ್ಕೆ, ಉಳ್ಳಾಗಡ್ಡಿಯನ್ನು ಇನ್ನೂ ದೂರದ ಪೇಟೆಗಳಿಗೆ ಹೊತ್ತು ಹಾಕುತ್ತಿತ್ತು. ಆತ ಎದೆನೋವಿನಿಂದ ತೀರಿಕೊಂಡ ಮೇಲೆ ಅದು ಅಂಗಳದ ಬೇವಿನ ಮರದ ಕೆಳಗೆ ನಿಂತುಬಿಟ್ಟಿತು. ಇಪ್ಪತ್ತು ವರ್ಷಕ್ಕೂ ಮೇಲೆ ನಿಂತೇ ಇತ್ತು. ಕೋಳಿಗಳು ಕ್ಯಾಬಿನ್ನಿನಲ್ಲಿ ತತ್ತಿ ಇಡುತ್ತಿದ್ದವು. ಸೊಸೆ ತತ್ತಿ ಬೇಕಾದಾಗಲೆಲ್ಲ ಬೈದುಕೊಳ್ಳುತ್ತ ಲಾರಿ ಹತ್ತುತ್ತಿದ್ದಳು.

ನಾನು ಆ ಲಾರಿಯನ್ನು ಕೊಳ್ಳಬೇಕೆಂದು ಹೋದದ್ದಕ್ಕೆ ಒಂದು ನೆನಪು ಕಾರಣ. ಸಣ್ಣವನಿದ್ದಾಗ ಶಾಲೆಯ ಸೂಟಿಯಲ್ಲಿ ಸೂಡಿಗೆ ಬಂದವನು ಅದರಲ್ಲಿ ಕೂತು ಗಜೇಂದ್ರಗಡದವರೆಗೆ ಹೋಗಿದ್ದೆ. ಕಾಲಡಿಯ ತಗಡು ಬಿಸಿಯಾಗಿತ್ತು, ಗುಡ್ಡ ಎದುರಿಗೆ ಬಂದಿತ್ತು, ದೊಡ್ಡಪ್ಪ ಹಾರ್ನ್ ಒತ್ತಲು ನನಗೇ ಬಿಟ್ಟಿದ್ದ. ಧಾರವಾಡದಲ್ಲಿ ಓದಿ, ಒಂದೆರಡು ಊರುಗಳಲ್ಲಿ ನೌಕರಿ ಹಿಡಿದು ಬಿಟ್ಟು, ಒಂದು ಸಂಶೋಧನೆಯನ್ನು ಅರ್ಧಕ್ಕೆ ನಿಲ್ಲಿಸಿ, ಕೊನೆಗೆ ರೋಣಕ್ಕೆ ಬಂದು ಪಾಠ ಹೇಳುತ್ತ ಉಳಿದವನು ನಾನು. ಕೈಯಿಂದ ಮಾಡುವಂಥ ಒಂದು ಕೆಲಸ ಬೇಕೆನಿಸಿತ್ತು. ಅದೇ ಹೊತ್ತಿಗೆ ದೊಡ್ಡವ್ವನ ಮಗ ದನದ ಕೊಟ್ಟಿಗೆ ಕಟ್ಟಿಸಬೇಕೆಂದು ಲಾರಿಯನ್ನು ಗುಜರಿಗೆ ಹಾಕಲು ಹೊರಟಿದ್ದಾನೆಂಬ ಸುದ್ದಿ ಬಂತು. ಗ್ಯಾಸಿನಿಂದ ಕತ್ತರಿಸುವವರು ಬಂದು ನೋಡಿ ಹೋಗಿದ್ದರಂತೆ.

ನಾನು ನೆನಪನ್ನೆಲ್ಲ ಹೇಳಿಕೊಂಡೆ. ದೊಡ್ಡವ್ವ ಬೆರಳು ಮುಂದೆ ಮಾಡಿದಳು.

"ನೀ ಹತ್ತಿದ್ದಿಲ್ಲೋ ತಮ್ಮಾ. ಅವರು ಹಾರ್ನ್ ಹೊಡದ ಕೂಡ್ಲೆ ಅಳಕೋಂತ ಓಡಿ ಹೋಗಿ ನಿಮ್ಮವ್ವನ ಸೀರಿ ಹಿಡಕೊಂಡಿ. ಗಜೇಂದ್ರಗಡಕ್ಕ ಹೋದಾಂವ ನನ್ನ ಮಗ."

ಮಗ ಅಲ್ಲೇ ಇದ್ದ. "ನಾ ಸಾವಿರ ಸಲ ಹೋಗೇನಿ. ನೀ ಇದ್ದಿಯೋ ಇಲ್ಲೋ ಯಾರಿಗೆ ಗೊತ್ತ?" ಎಂದ.

ಬಿಸಿ ತಗಡಿನ ಮೇಲೆ ಇಟ್ಟ ಕಾಲು ನನ್ನದೋ ಅವನದೋ ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಅವನು ಅಜ್ಜನ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದ ಕಥೆಯನ್ನೇ ನಾನು ನನ್ನದು ಮಾಡಿಕೊಂಡಿರಬಹುದು. ಹಾಗೆ ಆಗುತ್ತದೆ ಎಂದು ಓದಿದವನಿಗೆ ಗೊತ್ತು. ಗೊತ್ತಿದ್ದೂ ಲಾರಿ ಬೇಕೆನಿಸಿತು.

ಕೊಡಲು ದೊಡ್ಡವ್ವ ಒಪ್ಪಿದಳು. ಬೆಲೆಯ ಮಾತು ಒಂದು ಚಹಾ ಮುಗಿಯುವುದರೊಳಗೆ ಮುಗಿಯಿತು. ಷರತ್ತು ಒಂದೇ.

"ಎಳಕೊಂಡ ಹೋಗಬಾರ್ದು. ತಾನಾ ನಡಕೊಂಡ ಹೋಗಬೇಕು."

"ಅದು ಕೆಟ್ಟ ನಿಂತೈತಿ ದೊಡ್ಡವ್ವಾ. ಗ್ಯಾರೇಜಿಗೆ ಒಯ್ಯಬೇಕಂದ್ರ ಎಳಕೊಂಡ ಹೋಗೂದ."

"ಗ್ಯಾರೇಜ್ ಇಲ್ಲೇ ತರ್ರಿ. ಈ ಅಂಗಳದಿಂದ ಅವರನ್ನ ನಾಕ ಮಂದಿ ಹೊತ್ತಕೊಂಡ ಹೋದ್ರು. ಅವರ ಗಾಡಿನೂ ಹಂಗ ಹೋಗೂದು ನಾ ನೋಡಂಗಿಲ್ಲ."

ಮಗನೂ ಒಪ್ಪಿದ. ಮಳೆಗಾಲಕ್ಕೆ ಮೊದಲು ಜಾಗ ಖಾಲಿಯಾಗಬೇಕು, ಇಲ್ಲದಿದ್ದರೆ ಗುಜರಿಯವರನ್ನು ಕರೆಸುತ್ತೇನೆ ಎಂದು ಮಾತ್ರ ಹೇಳಿದ.

ಗಜೇಂದ್ರಗಡದ ಒಬ್ಬ ಲಾರಿ ಮಿಸ್ತ್ರಿಯನ್ನು ಒಪ್ಪಿಸಿದೆ. ಎಲ್ಲದರಲ್ಲೂ ಕೆಡುಕನ್ನೇ ಮೊದಲು ಕಾಣುವ ಮನುಷ್ಯ. ಬಾನೆಟ್ ಎತ್ತುವ ಮೊದಲೇ "ಇದು ಆಗೂದಲ್ರಿ ಸರ್" ಎಂದು ಶುರು ಮಾಡಿದ. ಇಬ್ಬರೂ ರವಿವಾರ ರವಿವಾರ ಹೋಗುತ್ತಿದ್ದೆವು, ನಾನು ರೋಣದಿಂದ ಬೈಕಿನ ಮೇಲೆ, ಅವನು ಸಾಮಾನಿನ ಚೀಲ ಹೊತ್ತು ಬಸ್ಸಿನಲ್ಲಿ. ದೊಡ್ಡವ್ವ ಬೇವಿನ ಬುಡಕ್ಕೆ ಹೊರಸು ಹಾಕಿಸಿಕೊಂಡು ಕೂಡುವಳು. ಕೂತಲ್ಲಿಂದಲೇ ಕೆಲಸ ಮಾಡಿಸುವಳು.

"ಮಿಸ್ತ್ರಿ, ಆ ನಟ್ ಹಿಂಗ ಹೊಡದ್ರ ಅದರ ಅವ್ವನೂ ಬರಂಗಿಲ್ಲ. ಸಮಾಧಾನಲೆ ತಿರುವು."

"ಅವ್ವಾರ, ನೀವ ಮಾಡ್ತೀರೇನು? ನಾ ಹೊರಸಿನ ಮ್ಯಾಲೆ ಕುಂಡರ್ತೀನಿ."

"ನೀ ಮಾಡೂದು ನೋಡಿದ್ರ ನಾ ಮಾಡೂದ ಚಲೋ ಅನಸ್ತೈತಿ!"

ನನ್ನನ್ನೂ ಬಿಡುತ್ತಿರಲಿಲ್ಲ. ಕೈಗೆ ಗ್ರೀಸ್ ತಾಗಿದಾಗಲೆಲ್ಲ ನಾನು ಬಟ್ಟೆ ಹುಡುಕುತ್ತಿದ್ದೆನಂತೆ. "ಸಾಹೇಬರಿಗೆ ಅತ್ತರ ತರ್ರೇ ಯವ್ವಾ" ಎಂದು ಸೊಸೆಯನ್ನು ಕೂಗುವಳು. ಮಧ್ಯಾಹ್ನ ಎಲ್ಲರಿಗೂ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ. ನನ್ನ ತಾಟಿಗೆ ಕೇಳದೆ ಎರಡನೇ ರೊಟ್ಟಿ ಬೀಳುತ್ತಿತ್ತು. ಅವಳು ಹೇಳುತ್ತಿದ್ದ ಕಥೆಗಳಲ್ಲಿ ಎಷ್ಟೋ ಒಂದಕ್ಕೊಂದು ಕೂಡುತ್ತಿರಲಿಲ್ಲ. ಒಂದು ವಾರ ಗಂಡ ಲಾರಿಯನ್ನು ಮದುವೆಗೆ ಮೊದಲು ತಂದಿದ್ದ, ಇನ್ನೊಂದು ವಾರ ಮಗ ಹುಟ್ಟಿದ ಮೇಲೆ. ಮೊದಮೊದಲು ನಾನು ತಿದ್ದುತ್ತಿದ್ದೆ. "ಹಂಗಾರ ನೀನ ಹೇಳು" ಎಂದು ಬಾಯಿಗೆ ಸೆರಗು ಹಿಡಿದು ಕೂತುಬಿಡುತ್ತಿದ್ದಳು. ಆಮೇಲೆ ತಿದ್ದುವುದನ್ನು ಬಿಟ್ಟೆ.

ಗಾಲಿಗಳು ಬಿಟ್ಟುಕೊಂಡವು, ಬ್ರೇಕು ಹೊಸದಾಯಿತು, ಡೀಸೆಲ್ ಪಂಪು ಗದಗಿಗೆ ಹೋಗಿ ರಿಪೇರಿಯಾಗಿ ಬಂತು. ಇಂಜಿನ್ ಮಾತ್ರ ಅಲ್ಲಾಡಲಿಲ್ಲ. ಒಂದು ರವಿವಾರ ಮಿಸ್ತ್ರಿ ಅದರ ತಲೆ ಬಿಚ್ಚಿದ. ಒಳಗೆ ಬೆರಳು ಹಾಕಿ ಉಜ್ಜಿ, ಮೂಸಿ, ನನ್ನ ಮೂಗಿಗೂ ಹಿಡಿದ.

"ಇದು ಇಂಜಿನ್ ಅಲ್ರಿ ಸರ್, ಉಪ್ಪಿನಕಾಯಿ ಭರಣಿ. ಯಾರೋ ಇದಕ್ಕ ಅಡಗಿ ಎಣ್ಣಿ ಹಾಕ್ಯಾರ."

ಕಂದು ಬಣ್ಣದ ಅಂಟು ಪಿಸ್ಟನ್ನುಗಳ ಸುತ್ತ ಮೆರುಗೆಣ್ಣೆಯಂತೆ ಗಟ್ಟಿಯಾಗಿತ್ತು. ದೊಡ್ಡವ್ವ ಹೊರಸಿನಿಂದ ಎದ್ದು ಬಂದಳು. ಮುಖದಲ್ಲಿ ಹೆಮ್ಮೆಯೇ ಇತ್ತು.

"ನಾನ ಹಾಕೀನಿ. ಅಮಾಸಿಗೊಮ್ಮಿ. ಅವರು ಹೋದಾಗಿಂದ ಒಂದ ಅಮಾಸಿನೂ ಬಿಟ್ಟಿಲ್ಲ. ನಮ್ಮ ಹೊಲದ ಕುಸುಬಿ ಎಣ್ಣಿ, ಗಾಣದ್ದು. ಹೊರಗಿಂದಲ್ಲ."

"ಎಲ್ಲಿ ಹಾಕಿದ್ರಿ ಅವ್ವಾರ?"

ಅವಳು ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ತೋರಿಸಿದಳು. "ಬಾಯಿ ಇದ ಅಲ್ಲೇನು?"

ಮಿಸ್ತ್ರಿ ತಲೆ ಹಿಡಿದುಕೊಂಡ. "ಯವ್ವಾ, ಅದು ಮೂಗು! ಉಸರಾಡೂ ಮೂಗಿನ್ಯಾಗ ಎಣ್ಣಿ ಸುರದೀರಿ. ಕುಸುಬಿ ಎಣ್ಣಿ ಒಣಗಿದ್ರ ಗೋಂದ ಆಕ್ಕೈತಿ. ಎಲ್ಲಾ ಅಂಟಿಕೊಂಡ ಕುಂತೈತಿ."

ನಾನು ನಕ್ಕುಬಿಟ್ಟೆ. ದೊಡ್ಡವ್ವ ನಗಲಿಲ್ಲ. ಬೆರಳು ಕೆಳಗಿಳಿಯಿತು. ಒಳಗೆ ಹೋದವಳು ಆ ದಿನ ಮತ್ತೆ ಅಂಗಳಕ್ಕೆ ಬರಲಿಲ್ಲ.

ಮುಂದಿನ ರವಿವಾರ ಹೋದಾಗ ಪುರ್ತಗೇರಿಯ ಒಬ್ಬರ ಟ್ರ್ಯಾಕ್ಟರು ಅಂಗಳದಲ್ಲಿ ನಿಂತಿತ್ತು. ಲಾರಿಯ ಮುಂಭಾಗಕ್ಕೆ ಸರಪಳಿ ಕಟ್ಟಿ ಆಗಿತ್ತು. ದೊಡ್ಡವ್ವ ಹೊಸ್ತಿಲಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ಎಳಕೊಂಡ ಹೋಗ್ರಿ. ಎಲ್ಲಿಗೆ ಬೇಕಾದ್ರ ಹೋಗ್ರಿ. ನನ್ನ ಕೈಲೆ ನಾನ ಕೊಂದೀನಿ, ಇನ್ನ ನಂದೇನ ಷರತ್ತು?"

ಅವಳು ಕರೆದು ಕರೆದು ಊಟಕ್ಕೆ ಹಾಕಿದ ಅಷ್ಟು ರವಿವಾರಗಳಲ್ಲಿ ಅವಳ ದನಿ ಹಾಗೆ ಕೇಳಿದ್ದು ಅದೊಂದೇ ಸಲ. ಇಪ್ಪತ್ತು ವರ್ಷ ಉಣಿಸಿದ್ದೇ ಉಸಿರು ಕಟ್ಟಿಸಿತು ಎಂದು ತಿಳಿದರೆ ಮನುಷ್ಯರಿಗೆ ಏನಾಗಬೇಕೋ ಅದು ಆಗಿತ್ತು. ಬಾಯಿ ತೆರೆದವನು ಮಿಸ್ತ್ರಿ.

"ಅವ್ವಾರ, ಒಂದ ಮಾತ ಕೇಳ್ರಿ. ಎಣ್ಣಿ ಇರದಿದ್ರ ಒಳಗ ತುಕ್ಕ ಹತ್ತಿ ತಿಂದ ಮುಗಸ್ತಿತ್ತು. ಅಂಟ ಬಿಡಸಬಹುದು, ತುಕ್ಕ ತಿಂದದ್ದು ತಿರುಗಿ ಬರಂಗಿಲ್ಲ. ನೀವ ಕೊಂದಿಲ್ಲ, ಮುಚ್ಚಿಟ್ಟೀರಿ."

ಎಲ್ಲದರಲ್ಲೂ ಕೆಡುಕು ಕಾಣುವ ಮನುಷ್ಯ ಹಾಗೆ ಹೇಳಿದ್ದು ನನಗೆ ಅನುಮಾನ ಹುಟ್ಟಿಸಿತು. ಎಷ್ಟೋ ದಿನ ಆದ ಮೇಲೆ ಗಜೇಂದ್ರಗಡದಲ್ಲಿ ಚಹಾ ಕುಡಿಯುವಾಗ, ಅವತ್ತು ಹೇಳಿದ್ದು ಖರೇನಾ ಎಂದು ಕೇಳಿದೆ. "ಅರ್ಧ ಖರೇ ಸರ್. ಅರ್ಧ ಅವ್ವಾರ ಮಾರಿ ನೋಡಿ ಹೇಳಿದ್ದು" ಎಂದ.

ನಾನು ಸರಪಳಿ ಬಿಚ್ಚಿದೆ. ಟ್ರ್ಯಾಕ್ಟರಿನವನಿಗೆ ಚಹಾ ಕೊಡಲು ಸೊಸೆಗೆ ಹೇಳಿದೆ. ದೊಡ್ಡವ್ವ ತಿರುಗಿ ನೋಡಿ, "ಹುಚ್ಚೇನೋ ನಿನಗ?" ಎಂದಳು. ಬೆರಳು ಮತ್ತೆ ಮೇಲೆದ್ದಿತ್ತು.

ಆಮೇಲಿನದು ಕಾಯುವ ಕೆಲಸ. ಪಿಸ್ಟನ್ನುಗಳ ಮೇಲೆ ಡೀಸೆಲ್ ಮತ್ತು ಥಿನ್ನರ್ ಬೆರೆಸಿ ಹುಯ್ಯುವುದು, ನೆನೆಯಲು ಬಿಡುವುದು, ಉದ್ದನೆಯ ಕಬ್ಬಿಣದ ಹಾರೆ ಕೊಟ್ಟು ಇಂಜಿನ್ ತಿರುಗುತ್ತದೆಯೇ ಎಂದು ನೋಡುವುದು. ವಾರದ ದಿನಗಳಲ್ಲಿ ಹುಯ್ಯುವ ಕೆಲಸವನ್ನು ದೊಡ್ಡವ್ವನೇ ವಹಿಸಿಕೊಂಡಳು. "ಈ ಸಲ ಸರೀ ಜಾಗಾದಾಗ ಹಾಕ್ರಿ ಅವ್ವಾರ" ಎಂದು ಮಿಸ್ತ್ರಿ ಅಣಕಿಸಿದ. "ನಿನ್ನ ಮೂಗಿನ್ಯಾಗ ಹಾಕ್ತೀನಿ ಬಾ" ಎಂದಳು. ನಾನು ಒಂದು ವಾರ ತಪ್ಪಿಸಿದರೆ ಮಗನಿಂದ ಫೋನ್ ಮಾಡಿಸುವಳು: "ನಿಮ್ಮ ಸಾಲ್ಯಾಗ ರವಿವಾರನೂ ಪಾಠಾ ಹೇಳ್ತಾರೇನು?" ಒಂದು ಕೆಲಸ ಬೇಸರ ಬಂದ ಮೇಲೂ ನನ್ನನ್ನು ಬಿಡದೆ ಹಿಡಿದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಹಿಡಿದವಳು ಅವಳು.

ಮುಂಗಾರಿನ ಮೋಡ ಕಾಣಿಸಿಕೊಂಡ ದಿನಗಳಲ್ಲಿ ಹಾರೆ ಒಂದು ಗೇಣು ಸರಿಯಿತು. ಮೂವರೂ ಜೋತುಬಿದ್ದು ಒತ್ತಿದ್ದೆವು, ನಾನು, ಮಿಸ್ತ್ರಿ, ಅವಳ ಮಗ. "ಸರದೈತಿ" ಎಂದು ಮಿಸ್ತ್ರಿ ಪಿಸುಗುಟ್ಟಿದ, ಜೋರಾಗಿ ಹೇಳಿದರೆ ಮತ್ತೆ ಅಂಟಿಕೊಳ್ಳುವುದೇನೋ ಎಂಬಂತೆ.

ಮತ್ತೆ ಜೋಡಿಸಿ, ಹೊಸ ಬ್ಯಾಟರಿ ಹಾಕಿ ಚಾಲೂ ಮಾಡಿದ ದಿನ ಅಂಗಳ ಹೊಗೆಯಿಂದ ತುಂಬಿಹೋಯಿತು. ಎಲ್ಲೆಲ್ಲಿ ಉಳಿದಿತ್ತೋ ಆ ಎಣ್ಣೆ, ಎಲ್ಲ ಸುಟ್ಟು ಓಣಿಗೆಲ್ಲ ಮಿರ್ಚಿ ಭಜಿ ಕರಿದ ವಾಸನೆ. ಎದುರು ಮನೆಯ ಮುದುಕ ಓಣಿಯ ಆಚೆಯಿಂದ "ಯಾರ ಮನ್ಯಾಗ ಮದುವಿ ಐತ್ರೇ?" ಎಂದು ಕೂಗಿದ. ದೊಡ್ಡವ್ವ ಕೆಮ್ಮುತ್ತ, ಕಣ್ಣು ಒರೆಸಿಕೊಳ್ಳುತ್ತ, "ನಮ್ಮ ಮನ್ಯಾಗ!" ಎಂದಳು.

ಖರೇ ಹಾಗೇ ಸಿದ್ಧತೆ ಮಾಡಿಕೊಂಡಿದ್ದಳು. ಲಾರಿ ಹೊರಡುವ ದಿನ ಒಂದು ಬುಟ್ಟಿ ತಂದು ಇಟ್ಟಳು. ಖಣ, ಅಕ್ಕಿ, ತೆಂಗಿನಕಾಯಿ, ಅರಿಷಿಣ ಕೊಂಬು, ಉತ್ತತ್ತಿ, ಅಡಿಕೆ, ಎಲೆ. ಮನೆ ಬಿಟ್ಟು ಹೋಗುವ ಮಗಳಿಗೆ ಉಡಿ ತುಂಬಿ ಕಳಿಸುವ ಸಾಮಾನು. ಲಾರಿಗೆ ಉಡಿ ತುಂಬಿದ್ದನ್ನು ನಾನು ಎಲ್ಲಿಯೂ ಕಂಡಿಲ್ಲ. ಬೇರೆ ಹೊತ್ತಿನಲ್ಲಾಗಿದ್ದರೆ ಏನಾದರೂ ಅನ್ನುತ್ತಿದ್ದೆನೇನೋ. ಬುಟ್ಟಿ ಇಟ್ಟವಳು ಹಿಂದೆ ಸರಿದು ನಿಂತಳು.

"ನೀ ತುಂಬವಾ. ನನ್ನ ಕೈಲೆ ಬ್ಯಾಡ" ಎಂದಳು ಸೊಸೆಗೆ. ಗಂಡ ಇಲ್ಲದವಳು ಉಡಿ ತುಂಬಬಾರದು. ಅದನ್ನು ಯಾರೂ ಅವಳಿಗೆ ಹೇಳಬೇಕಿರಲಿಲ್ಲ.

ಸೊಸೆ ಬುಟ್ಟಿ ಎತ್ತಿಕೊಳ್ಳಲಿಲ್ಲ. ಸೆರಗು ಸಿಗಿಸಿಕೊಂಡು ನಿಂತೇ ಹೇಳಿದಳು, "ಅಮಾಸಿಗೊಮ್ಮಿ ಎಣ್ಣಿ ಹಾಕಾಕ ನಡೀತು ಈ ಕೈ. ಉಡಿ ತುಂಬಾಕ ನಡಿಯಂಗಿಲ್ಲೇನ್ರಿ ಅತ್ತಿ? ನೀವ ತುಂಬ್ರಿ. ನನಗ ಇದು ಕೋಳಿಗೂಡು. ನಿಮಗ ಅಲ್ಲೇನು ಇದರ ಕರಳಿನ ನಂಟು?"

ದೊಡ್ಡವ್ವ ಮಗನ ಮುಖ ನೋಡಿದಳು. ಅವನು ಟೈರಿಗೆ ನಿಂಬೆಹಣ್ಣು ಇಡುವ ನೆಪದಲ್ಲಿ ಬಗ್ಗಿಬಿಟ್ಟ. ಅವಳು ಕ್ಯಾಬಿನ್ನಿನ ಬಾಗಿಲಿಗೆ ಬಂದು, ಚಾಲಕನ ಬದಿಯ ಸೀಟಿನ ಮೇಲೆ ಖಣ ಹಾಸಿ, ಒಂದೊಂದೇ ಇಟ್ಟಳು. ಅಕ್ಕಿ ಕೆಳಗೂ ಚೆಲ್ಲಿತು. ಕೋಳಿಗಳು ಓಡಿಬಂದವು.

ಇಟಗಿಯ ಭೀಮಾಂಬಿಕೆಯ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬರೋಣ, ಹತ್ತು ದೊಡ್ಡವ್ವಾ ಎಂದೆ. "ಗಂಡನ ಮನಿಗೆ ಹೋಗೂ ಮಗಳ ಹಿಂದ ಅವ್ವ ಹೋಗ್ತಾಳೇನೋ, ಸಾಲಿ ಕಲ್ತ ಹುಚ್ಚಾ" ಎಂದಳು. ಲಾರಿ ನಡೆಯಿತು. ಬೇವಿನ ಮರ ದಾಟಿತು, ಓಣಿ ದಾಟಿತು, ಗಜೇಂದ್ರಗಡದ ರಸ್ತೆ ಹಿಡಿಯಿತು. ಗುಡ್ಡದ ಮೇಲಿನ ಗಾಳಿಗಿರಣಿಗಳು ಕಾಣುವವರೆಗೆ ನಾನು ಎರಡನೇ ಗೇರಿನಲ್ಲೇ ಇದ್ದೆ. ಹೆಚ್ಚಿಸಲು ಧೈರ್ಯವಿರಲಿಲ್ಲ. ಹಿಂದೆ ಮಿಸ್ತ್ರಿ ನನ್ನ ಬೈಕಿನ ಮೇಲೆ, ಏನು ಕಳಚಿ ಬೀಳುತ್ತದೋ ಎಂದು ರಸ್ತೆಯನ್ನೇ ನೋಡುತ್ತ ಬಂದ. ಏನೂ ಬೀಳಲಿಲ್ಲ.

ಆಮೇಲೆಯೂ ಹಲವು ಸಲ ಕರೆದೆ. ಮೊಣಕಾಲು ನೋವು, ಅಷ್ಟು ಎತ್ತರ ಹತ್ತಲಾರೆ ಎನ್ನುತ್ತಿದ್ದಳು. ಅವಳು ಆ ಲಾರಿಯನ್ನು ಮತ್ತೆ ಹತ್ತಲೇ ಇಲ್ಲ. ಇದನ್ನು ಮಾತ್ರ ಅನುಮಾನವಿಲ್ಲದೆ ಹೇಳಬಲ್ಲೆ.

ಹೋದ ವರ್ಷ ಕಡಲೆ ಬಿತ್ತುವ ಹೊತ್ತಿಗೆ ದೊಡ್ಡವ್ವ ತೀರಿಕೊಂಡಳು. ಎರಡು ದಿನದ ಜ್ವರ ಅಷ್ಟೇ. ನಾನು ಹೋದಾಗ ಲಾರಿ ನಿಂತಿದ್ದ ಜಾಗದಲ್ಲಿ ಎದ್ದ ಕೊಟ್ಟಿಗೆಯ ನೆರಳಿನಲ್ಲಿ ಮಂದಿ ಕೂತಿದ್ದರು. ಮಣ್ಣು ಕೊಟ್ಟು ತಿರುಗಿ ಬರುವಾಗ ಒಬ್ಬ ಮುದುಕಿ ನನ್ನ ಕೈ ಹಿಡಿದು ನಿಲ್ಲಿಸಿದಳು.

"ನೀವ ಅಲ್ಲೇನ್ರಿ ಆ ಲಾರಿ ಸಾಹೇಬರು? ಅಕಿನ್ನ ಬಾಜೂಕ ಕುಂಡ್ರಿಸಿಕೊಂಡ ಇಟಗಿ ಭೀಮವ್ವನ ಹಂತ್ಯಾಕ ಕರಕೊಂಡ ಹೋಗಿದ್ರಂತಲ್ಲ? ಹಾದ್ಯಾಗ ಅಕಿ ಕಡಿಂದ ಹಾರ್ನೂ ಹೊಡಿಸಿದ್ರಂತ. ಓಣ್ಯಾಗ ಬಂದಬಂದವರ ಮುಂದ ಹೇಳಿ ಹೇಳಿ ನಗ್ತಿದ್ಲು."

ಹತ್ತಿರ ನಿಂತಿದ್ದ ಸೊಸೆ ನನ್ನ ಕಡೆ ನೋಡಿದಳು. ಮಗ ನೆಲ ನೋಡಿದ. ಎಲ್ಲರ ನೆನಪನ್ನೂ, ನನ್ನದನ್ನೂ, ತಿದ್ದುತ್ತಲೇ ಬಂದವನು ನಾನು.

"ಹೌದ್ರಿ ಯವ್ವಾ," ಎಂದೆ. "ಕಿಡಕಿ ಬದಿಗೆ ಕುಂತಿದ್ಲು. ಇಳಿ ಅಂದ್ರೂ ಲಗೂ ಇಳೀಲಿಲ್ಲ."